ಟಿಎಂಎಸ್ ಜೊತೆಗೆ ಮಾತ್ರೆ, ಮಾತಿನ ಚಿಕಿತ್ಸೆ: ಖಿನ್ನತೆಯಿಂದ ಬಳಲುವ ಹೆಣ್ಣುಮಕ್ಕಳಿಗೆ ಹಂತ ಹಂತದ ಮಾರ್ಗದರ್ಶಿ

"ಟಿಎಂಎಸ್ ಶುರು ಮಾಡಿದ ಮೇಲೆ ಮಾತ್ರೆ ಬಿಟ್ಟುಬಿಡಬಹುದಾ?" "ಮುಟ್ಟಾದ ದಿನ ಸೆಷನ್‌ಗೆ ಹೋಗಬಹುದಾ?" "ಮಗುವಿಗೆ ಹಾಲು ಕುಡಿಸುತ್ತಿದ್ದೇನೆ, ತೊಂದರೆ ಇಲ್ಲವಾ?" "ಕೌನ್ಸೆಲಿಂಗ್ ಈಗಲೇ ಬೇಕಾ, ಇದು ಮುಗಿದ ಮೇಲಾ?" ಟಿಎಂಎಸ್, ಅಂದರೆ ಕಾಂತಕ್ಷೇತ್ರದಿಂದ ಮೆದುಳನ್ನು ಪ್ರಚೋದಿಸುವ ಖಿನ್ನತೆಯ ಚಿಕಿತ್ಸೆಯ ಬಗ್ಗೆ ಓದುಗರು ಕೇಳುತ್ತಲೇ ಇರುವ ಪ್ರಶ್ನೆಗಳು ಇವು. ಒಂದೊಂದಕ್ಕೂ ಬಿಡಿಬಿಡಿಯಾಗಿ ಉತ್ತರ ಕೊಟ್ಟರೆ ಅರ್ಧವೇ ತಲುಪುತ್ತದೆ. ಹಾಗಾಗಿ ಚಿಕಿತ್ಸೆಗೆ ಮೊದಲಿನ ತಯಾರಿಯಿಂದ ಹಿಡಿದು ಮುಗಿದ ನಂತರದ ತಿಂಗಳುಗಳವರೆಗೆ ಎಲ್ಲವನ್ನೂ ಇಲ್ಲಿ ಸಾಲಾಗಿ ಬರೆದಿದ್ದೇವೆ.

ಒಂದು ಮಾತು ಮೊದಲೇ ಹೇಳಬೇಕು. ಹಲವು ಚಿಕಿತ್ಸೆಗಳನ್ನು ಜೋಡಿಸುವುದು ಎಂದರೆ ಇದ್ದಬದ್ದದ್ದನ್ನೆಲ್ಲ ಒಟ್ಟಿಗೆ ಶುರು ಮಾಡುವುದಲ್ಲ. ಮಾತ್ರೆಗಳನ್ನು ಮೊದಲು ಸರಿಪಡಿಸಿ, ಸೆಷನ್‌ಗಳು ನಡೆಯುವ ವಾರಗಳಲ್ಲಿ ಅವನ್ನು ಅಲುಗಿಸದೆ ಇಟ್ಟು, ಆ ವಾರಗಳನ್ನು ಮಾತಿನ ಚಿಕಿತ್ಸೆಗೆ ಬಳಸಿಕೊಂಡು, ಮುಗಿದ ಮೇಲೆ ಮತ್ತೆ ಮಾತ್ರೆಯ ಬಲದಿಂದ ಫಲವನ್ನು ಹಿಡಿದಿಟ್ಟುಕೊಳ್ಳಬೇಕು. ಈ ಕ್ರಮ ತಪ್ಪಿದಾಗಲೇ ಹೆಚ್ಚಿನ ನಿರಾಸೆಗಳು ಆಗುವುದು.

ಮೊದಲು ಮೂರು ಹೆಸರುಗಳು

ಟಿಎಂಎಸ್: ತಲೆಗೆ ಒತ್ತಿ ಇಟ್ಟ ತಂತಿಯ ಸುರುಳಿಯಲ್ಲಿ ಕ್ಷಣಮಾತ್ರ ಜೋರಾದ ವಿದ್ಯುತ್ ಹರಿಸುತ್ತಾರೆ. ಅದರಿಂದ ಹುಟ್ಟುವ ಕಾಂತಕ್ಷೇತ್ರ ತಲೆಬುರುಡೆಯನ್ನು ದಾಟಿ, ಸುಮಾರು 2–3 ಸೆಂಟಿಮೀಟರ್ ಆಳದಲ್ಲಿರುವ ನರಕೋಶಗಳನ್ನು ಪ್ರಚೋದಿಸುತ್ತದೆ. ಅರಿವಳಿಕೆ ಬೇಡ, ಎಚ್ಚರವಾಗಿಯೇ ಕುಳಿತಿರುತ್ತೀರಿ. ಈ ವಿಧಾನವನ್ನು 1985ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಆಂಥೊನಿ ಬಾರ್ಕರ್ ಮತ್ತು ಸಂಗಡಿಗರು ತೋರಿಸಿಕೊಟ್ಟರು. ಖಿನ್ನತೆಗೆ ಬಳಸಲು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2008ರಲ್ಲಿ ಅನುಮತಿ ಕೊಟ್ಟಿತು.

ಟಿಡಿಸಿಎಸ್: ಒದ್ದೆ ಸ್ಪಾಂಜ್ ಇರುವ ಎರಡು ಎಲೆಕ್ಟ್ರೋಡ್‌ಗಳ ಮೂಲಕ 1–2 ಮಿಲಿಆಂಪಿಯರ್‌ನಷ್ಟು ಸಣ್ಣ ವಿದ್ಯುತ್ ಹರಿಸುವುದು. ಇದು ನರಕೋಶಗಳನ್ನು ನೇರವಾಗಿ ಕೆರಳಿಸುವುದಿಲ್ಲ, ಕೆರಳುವ ಒಲವನ್ನು ಸ್ವಲ್ಪ ಏರಿಸುತ್ತದೆ ಅಥವಾ ಇಳಿಸುತ್ತದೆ, ಅಷ್ಟೇ.

ಇಸಿಟಿ: ಜನ 'ಶಾಕ್ ಟ್ರೀಟ್‌ಮೆಂಟ್' ಎನ್ನುವುದು ಇದನ್ನೇ. ಅರಿವಳಿಕೆ ಮತ್ತು ಸ್ನಾಯು ಸಡಿಲಿಸುವ ಮದ್ದು ಕೊಟ್ಟು, ವೈದ್ಯರ ಹಿಡಿತದಲ್ಲೇ ಮೆದುಳಿನಲ್ಲಿ ಫಿಟ್ಸ್ ಬರಿಸುತ್ತಾರೆ. ವಾರಕ್ಕೆ 2–3ರಂತೆ ಒಟ್ಟು 6ರಿಂದ 12 ಬಾರಿ ಮಾಡುವುದು ವಾಡಿಕೆ. ಆಸುಪಾಸಿನ ಘಟನೆಗಳು ಮರೆತುಹೋಗುವುದು ಇದರ ಮುಖ್ಯ ಅಡ್ಡಪರಿಣಾಮ. ಆದರೂ ತೀವ್ರ ಖಿನ್ನತೆಯಲ್ಲಿ ಇದರಷ್ಟು ಬಲವಾಗಿ ಕೆಲಸ ಮಾಡುವ ಚಿಕಿತ್ಸೆ ಬೇರೊಂದಿಲ್ಲ.

1. ನಿಮಗೆ ಯಾವುದು, ಈಗಲೇ ಬೇಕೇ?

ಸಾಯುವ ಯೋಚನೆ ಗಟ್ಟಿಯಾಗಿ ಹೇಗೆ, ಯಾವಾಗ ಎಂದು ಲೆಕ್ಕ ಹಾಕುವ ಹಂತಕ್ಕೆ ಬಂದಿದ್ದರೆ, ಊಟ–ನೀರು ಬಿಟ್ಟಿದ್ದರೆ, ಹೆರಿಗೆಯಾದ ಮೇಲೆ ಇಲ್ಲದ ದನಿ ಕೇಳಿಸುತ್ತಿದ್ದರೆ ಅಥವಾ ಮಗುವಿಗೆ ಏನಾದರೂ ಮಾಡಿಬಿಡುತ್ತೇನೆ ಎನ್ನುವ ಸ್ಥಿತಿ ಇದ್ದರೆ, ಟಿಎಂಎಸ್‌ಗೆ ಹೆಸರು ಬರೆಸಿ ಕಾಯಬೇಡಿ. ಅದು ಹಿಡಿಯಲು ವಾರಗಳು ಬೇಕು. ಇಂದೇ ತುರ್ತು ವಿಭಾಗಕ್ಕೆ ಹೋಗಿ, ಒಬ್ಬರೇ ಇರಬೇಡಿ. ಇಸಿಟಿಯ ಮಾತು ಬರಬೇಕಾದ ಜಾಗ ಇದು.

ಅಂಥ ತುರ್ತು ಇಲ್ಲದಿದ್ದರೆ 'ಮಾತ್ರೆ ಹತ್ತಲಿಲ್ಲ' ಎಂಬ ಮಾತನ್ನು ಒಮ್ಮೆ ಪರೀಕ್ಷಿಸಿ. ಸರಿಯಾದ ಪ್ರಮಾಣದಲ್ಲಿ, ದಿನ ತಪ್ಪಿಸದೆ, ಕನಿಷ್ಠ 6 ವಾರ ತೆಗೆದುಕೊಂಡ ಮಾತ್ರೆಯನ್ನು ಮಾತ್ರ ಲೆಕ್ಕಕ್ಕೆ ಹಿಡಿಯಬೇಕು. ಹತ್ತು ದಿನ ನುಂಗಿ ವಾಕರಿಕೆ ಬಂತೆಂದು ಬಿಟ್ಟದ್ದು 'ಹತ್ತದ' ಮಾತ್ರೆ ಅಲ್ಲ.

ಜೊತೆಗೆ ರಕ್ತಪರೀಕ್ಷೆ. ಹೆಣ್ಣುಮಕ್ಕಳಲ್ಲಿ ಖಿನ್ನತೆಯ ವೇಷದಲ್ಲಿ ಬರುವ, ಅಥವಾ ಇರುವ ಖಿನ್ನತೆಯನ್ನು ಹೆಚ್ಚಿಸುವ ಕಾರಣಗಳು ಹಲವು: ಥೈರಾಯ್ಡ್ ಕೊರತೆ, ಹೆರಿಗೆಯ ನಂತರದ ಥೈರಾಯ್ಡ್ ಉರಿಯೂತ, ಹೆಚ್ಚು ಮುಟ್ಟಿನ ರಕ್ತಸ್ರಾವದಿಂದ ಆಗುವ ಕಬ್ಬಿಣದ ಕೊರತೆ, ಬಿ12 ಕೊರತೆ. ಟಿಎಸ್‌ಎಚ್, ಹಿಮೋಗ್ಲೋಬಿನ್, ಫೆರಿಟಿನ್, ಬಿ12 ಈ ನಾಲ್ಕನ್ನು ನೋಡದೆ ಮೂವತ್ತು ಸೆಷನ್‌ಗೆ ಕೂರುವುದು ತಪ್ಪು ಲೆಕ್ಕ. ಹಿಮೋಗ್ಲೋಬಿನ್ ಸರಿ ಇದ್ದೂ ಫೆರಿಟಿನ್, ಅಂದರೆ ದೇಹದ ಕಬ್ಬಿಣದ ದಾಸ್ತಾನು, ತಳ ಮುಟ್ಟಿರಬಹುದು. ಅದಕ್ಕೇ ಎರಡನ್ನೂ ಕೇಳಿ ಮಾಡಿಸಿ.

ಬೈಪೋಲಾರ್, ಅಂದರೆ ಖಿನ್ನತೆಯೂ ಅತಿಯಾದ ಹುರುಪೂ ಬಂದುಹೋಗುವ ಕಾಯಿಲೆ ಇದೆಯೇ ಎಂದು ಖಚಿತವಾಗಬೇಕು. ಎರಡು ಮೂರು ಗಂಟೆ ನಿದ್ದೆ ಮಾಡಿಯೂ ದಣಿವೇ ಇಲ್ಲದ ದಿನಗಳು, ಕೈ ಬಿಟ್ಟು ಖರ್ಚು, ನಿಲ್ಲದ ಮಾತು ಹಿಂದೆ ಯಾವಾಗಲಾದರೂ ಆಗಿತ್ತೇ? ಮನೆಯವರನ್ನು ಕೇಳಿ, ನಮಗೆ ನೆನಪಿರದ ಇಂಥ ದಿನಗಳು ಅವರಿಗೆ ನೆನಪಿರುತ್ತವೆ. ಹೆರಿಗೆಯ ನಂತರವೇ ಮೊದಲ ಬಾರಿ ಖಿನ್ನತೆ ಬಂದಿದ್ದರಂತೂ ಈ ಪ್ರಶ್ನೆ ತಪ್ಪಿಸಬಾರದು. ಖಿನ್ನತೆಯ ಮಾತ್ರೆ ಮತ್ತು ಪ್ರಚೋದನೆ ಎರಡೂ ಸೇರಿ ಅಂಥವರನ್ನು ಉನ್ಮಾದದ ಕಡೆಗೆ ತಳ್ಳಬಹುದು.

2. ಲೋಹ ಮತ್ತು ಫಿಟ್ಸ್: ಮುಚ್ಚಿಡಬಾರದ ಎರಡು ವಿಷಯ

ತಲೆ, ಕುತ್ತಿಗೆಯ ಭಾಗದಲ್ಲಿ ಕಾಂತಕ್ಕೆ ಅಂಟುವ ಲೋಹ ಇದ್ದರೆ ಟಿಎಂಎಸ್ ಆಗದು. ಕಿವಿಯೊಳಗಿನ ಕಾಕ್ಲಿಯರ್ ಇಂಪ್ಲಾಂಟ್, ಮೆದುಳಿನ ರಕ್ತನಾಳಕ್ಕೆ ಹಾಕಿದ ಕ್ಲಿಪ್, ಮೆದುಳಿನೊಳಗಿನ ಎಲೆಕ್ಟ್ರೋಡ್ ಇವು ಮುಖ್ಯ. ಸುರುಳಿಯಿಂದ 30 ಸೆಂಟಿಮೀಟರ್ ಒಳಗೆ ಬರುವ ಯಾವುದೇ ಅಳವಡಿಕೆಯ ಬಗ್ಗೆ ಕೇಳಲೇಬೇಕು. ಪೇಸ್‌ಮೇಕರ್ ಇದ್ದರಂತೂ ಹೃದಯತಜ್ಞರ ಮಾತೂ ಬೇಕು. ಹಲ್ಲಿಗೆ ತುಂಬಿಸಿದ್ದು ಅಡ್ಡಿಯಲ್ಲ. ಗರ್ಭನಿರೋಧಕ ಕಾಪರ್ ಟಿ ಇರುವವರು ತುಂಬ ಹೆದರುತ್ತಾರೆ. ಅದು ತಾಮ್ರ, ಕಾಂತಕ್ಕೆ ಅಂಟುವುದಿಲ್ಲ, ಸುರುಳಿಯಿಂದ ದೂರದಲ್ಲೂ ಇದೆ. ತೆಗೆಸಬೇಕಾಗಿಲ್ಲ.

ಟಿಎಂಎಸ್‌ನಿಂದ ಫಿಟ್ಸ್ ಬರುವುದು ಬಹಳ ಅಪರೂಪ, ಸಾವಿರ ಜನರಲ್ಲಿ ಒಬ್ಬರಿಗಿಂತ ಕಡಿಮೆ. ಆದರೆ ಆ ಅಪಾಯವನ್ನು ಹೆಚ್ಚಿಸುವ ಸಂಗತಿಗಳು ನಿಮ್ಮ ಕೈಯಲ್ಲೇ ಇವೆ: ಹಿಂದಿನ ರಾತ್ರಿಯ ನಿದ್ದೆಗೇಡು, ಮದ್ಯ, ದಿನವೂ ಕುಡಿಯುತ್ತಿದ್ದವರು ಅದನ್ನು ಏಕಾಏಕಿ ಬಿಡುವುದು, ಹೇಳದೆ ಬದಲಿಸಿದ ಮಾತ್ರೆ. ಹಿಂದೆ ಫಿಟ್ಸ್ ಬಂದಿದ್ದರೆ, ತಲೆಗೆ ದೊಡ್ಡ ಪೆಟ್ಟು ಬಿದ್ದಿದ್ದರೆ, ಗರ್ಭಿಣಿಯಾಗಿದ್ದಾಗ ಬಿಪಿ ಏರಿ ಫಿಟ್ಸ್ ಆಗಿದ್ದರೆ ಎಲ್ಲವನ್ನೂ ಹೇಳಿ. ಕೊನೆಯದನ್ನು 'ಅದು ಹೆರಿಗೆಯ ವಿಷಯ' ಎಂದು ಬಿಟ್ಟುಬಿಡುವವರೇ ಜಾಸ್ತಿ.

3. ಮಾತ್ರೆಗಳ ಪಟ್ಟಿಯನ್ನು ಮೊದಲೇ ಇತ್ಯರ್ಥ ಮಾಡಿ

ಈ ಮಾರ್ಗದರ್ಶಿಯ ಹೃದಯ ಈ ಹಂತ. ಸೆಷನ್ ಶುರುವಾಗುವುದಕ್ಕೆ ಮೂರು ನಾಲ್ಕು ವಾರ ಮೊದಲು, ನೀವು ನುಂಗುವ ಪ್ರತಿಯೊಂದನ್ನೂ ಪ್ರಮಾಣದ ಸಮೇತ ಬರೆದುಕೊಂಡು ಮನೋವೈದ್ಯರ ಮುಂದೆ ಕೂರಿ. ಗರ್ಭನಿರೋಧಕ ಗುಳಿಗೆ, ಹಾರ್ಮೋನ್ ಪ್ಯಾಚ್, ತಲೆನೋವಿನ ಮಾತ್ರೆ, ಗಿಡಮೂಲಿಕೆ ಎಲ್ಲವೂ ಪಟ್ಟಿಯಲ್ಲಿರಲಿ.

ಖಿನ್ನತೆಯ ಮಾತ್ರೆಗಳಾದ ಸರ್ಟ್ರಾಲಿನ್, ಎಸಿಟಲೊಪ್ರಾಂ, ಫ್ಲೂಆಕ್ಸಿಟಿನ್, ವೆನ್‌ಲಾಫ್ಯಾಕ್ಸಿನ್ ಇವನ್ನು ಸಾಮಾನ್ಯವಾಗಿ ಹಾಗೇ ಮುಂದುವರಿಸುತ್ತಾರೆ. ಬೂಪ್ರೊಪಿಯಾನ್ ಮತ್ತು ಹಳೆಯ ಟ್ರೈಸೈಕ್ಲಿಕ್ ಗುಂಪಿನ ಮಾತ್ರೆಗಳು ಫಿಟ್ಸ್ ಬರುವ ಮಿತಿಯನ್ನು ತಗ್ಗಿಸುತ್ತವೆ, ಅಂದರೆ ಫಿಟ್ಸ್ ಸುಲಭವಾಗಿ ಬರುವಂತೆ ಮಾಡುತ್ತವೆ. ಹಾಗೆಂದು ನಿಷಿದ್ಧವಲ್ಲ, ಪ್ರಮಾಣ ಸ್ಥಿರವಾಗಿರಬೇಕು, ನಡುವೆ ಏರಿಸಬಾರದು.

ಬೆಂಜೊಡಯಾಜೆಪಿನ್‌ಗಳು, ಅಂದರೆ ಲೊರಾಜೆಪಾಂ, ಕ್ಲೊನಾಜೆಪಾಂ, ಆಲ್‌ಪ್ರಜೊಲಾಂ ಜಾತಿಯ ನಿದ್ದೆ ಮತ್ತು ಆತಂಕದ ಮಾತ್ರೆಗಳ ಕಥೆ ಬೇರೆ. ಇವು ನರಕೋಶಗಳನ್ನು ಸುಮ್ಮನಾಗಿಸುತ್ತವೆ, ಟಿಎಂಎಸ್ ಎಬ್ಬಿಸಲು ನೋಡುತ್ತದೆ. ಇವನ್ನು ತೆಗೆದುಕೊಳ್ಳುವವರಲ್ಲಿ ಟಿಎಂಎಸ್ ಫಲ ಕಡಿಮೆ ಎಂದು ಒಂದಕ್ಕಿಂತ ಹೆಚ್ಚು ಅಧ್ಯಯನಗಳು ಕಂಡುಕೊಂಡಿವೆ. ಇಸಿಟಿಯಲ್ಲೂ ಇವು ಅಡ್ಡಿಯೇ, ಬೇಕಾದ ಫಿಟ್ಸ್ ಸರಿಯಾಗಿ ಬರುವುದಿಲ್ಲ. ಆದ್ದರಿಂದ ಸಾಧ್ಯವಿದ್ದರೆ ಮೊದಲೇ ಇಳಿಸಿಕೊಳ್ಳಬೇಕು. ಆದರೆ ಇಳಿಸುವುದು ಎಂದರೆ ವಾರಗಟ್ಟಲೆ, ಸ್ವಲ್ಪ ಸ್ವಲ್ಪವೇ, ವೈದ್ಯರು ಬರೆದುಕೊಟ್ಟ ಲೆಕ್ಕದಲ್ಲಿ. "ಟಿಎಂಎಸ್‌ಗೆ ಒಳ್ಳೆಯದಲ್ಲವಂತೆ" ಎಂದು ಒಂದೇ ರಾತ್ರಿಯಲ್ಲಿ ನಿಲ್ಲಿಸಿದರೆ ಅದರಿಂದಲೇ ಫಿಟ್ಸ್ ಬರಬಹುದು. ಇಡೀ ಲೇಖನದಲ್ಲಿ ಒಂದೇ ಎಚ್ಚರಿಕೆ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ.

ಫಿಟ್ಸ್‌ಗೂ ಬೈಪೋಲಾರ್‌ಗೂ ಕೊಡುವ ಲ್ಯಾಮೊಟ್ರಿಜಿನ್ ಮತ್ತು ಗರ್ಭನಿರೋಧಕ ಗುಳಿಗೆಯ ಸಂಬಂಧ ಹೆಣ್ಣುಮಕ್ಕಳಿಗೇ ಮೀಸಲಾದ ಬಲೆ. ಈಸ್ಟ್ರೊಜೆನ್ ಇರುವ ಗುಳಿಗೆ ರಕ್ತದಲ್ಲಿ ಲ್ಯಾಮೊಟ್ರಿಜಿನ್ ಮಟ್ಟವನ್ನು ಸುಮಾರು ಅರ್ಧಕ್ಕೆ ಇಳಿಸುತ್ತದೆ. ಗುಳಿಗೆ ನಿಲ್ಲಿಸಿದರೆ, ತಿಂಗಳಲ್ಲಿ ಗುಳಿಗೆ ಇಲ್ಲದ ವಾರದಲ್ಲೂ ಕೂಡ, ಮಟ್ಟ ಏರುತ್ತದೆ. ಲ್ಯಾಮೊಟ್ರಿಜಿನ್ ಮೆದುಳಿನ ಕೆರಳುವಿಕೆಯನ್ನು ತಗ್ಗಿಸುವ ಮದ್ದಾದ್ದರಿಂದ, ಗುಳಿಗೆಯ ಬದಲಾವಣೆ ಟಿಎಂಎಸ್ ಯಂತ್ರದ ಲೆಕ್ಕವನ್ನೂ ಬದಲಿಸುತ್ತದೆ. ಸೆಷನ್‌ಗಳ ನಡುವೆ ಗರ್ಭನಿರೋಧಕ ವಿಧಾನ ಬದಲಿಸಬೇಡಿ, ಬದಲಿಸಲೇಬೇಕಾದರೆ ಅದೇ ದಿನ ತಿಳಿಸಿ. ಅದೇ ಬಗೆಯ ಮಾತ್ರೆಯಾದ ಕಾರ್ಬಮಜೆಪಿನ್‌ನದು ಇದರ ತಿರುಗುಮುರುಗು: ಅದು ಗುಳಿಗೆಯ ಬಲವನ್ನೇ ಕುಗ್ಗಿಸುತ್ತದೆ, ಬೇಡದ ಗರ್ಭ ನಿಲ್ಲಬಹುದು. ಇದೇ ಗುಂಪಿನ ವ್ಯಾಲ್‌ಪ್ರೊಯೇಟ್ ಹೊಟ್ಟೆಯಲ್ಲಿರುವ ಮಗುವಿಗೆ ಗಂಭೀರ ಹಾನಿ ಮಾಡಬಲ್ಲದು. ಮಗು ಆಗುವ ವಯಸ್ಸಿನವರಿಗೆ ಅದನ್ನು ಬರೆದಿದ್ದರೆ ಏಕೆ ಎಂದು ಕೇಳುವ ಹಕ್ಕು ನಿಮಗಿದೆ.

ಸ್ತನ ಕ್ಯಾನ್ಸರ್‌ಗೆ ಟಮಾಕ್ಸಿಫೆನ್ ತೆಗೆದುಕೊಳ್ಳುತ್ತಿದ್ದೀರಾ? ಪ್ಯಾರಾಕ್ಸಿಟಿನ್, ಫ್ಲೂಆಕ್ಸಿಟಿನ್, ಬೂಪ್ರೊಪಿಯಾನ್ ಈ ಮೂರು ಟಮಾಕ್ಸಿಫೆನ್ ಪರಿಣಾಮಕಾರಿ ರೂಪಕ್ಕೆ ಬದಲಾಗುವುದನ್ನು ತಡೆಯುತ್ತವೆ. ವೆನ್‌ಲಾಫ್ಯಾಕ್ಸಿನ್‌ನಲ್ಲಿ ಆ ತೊಂದರೆ ತೀರ ಕಡಿಮೆ. ಮಾತ್ರೆಯ ಆಯ್ಕೆ ಹೀಗೆ ಕಿರಿದಾದವರಿಗೆ ಟಿಎಂಎಸ್ ಒಳ್ಳೆಯ ದಾರಿ, ಅದು ಯಾವ ಮಾತ್ರೆಯೊಂದಿಗೂ ರಕ್ತದಲ್ಲಿ ಜಗಳಕ್ಕೆ ನಿಲ್ಲುವುದಿಲ್ಲ.

ಮನಸ್ಸಿನ ಏರಿಳಿತ ತಡೆಯುವ ಲಿಥಿಯಂ ತೆಗೆದುಕೊಳ್ಳುವವರು ಇಸಿಟಿಗೆ ಹೋಗುವುದಾದರೆ ಸೆಷನ್ ನಂತರ ಗೊಂದಲ ಹೆಚ್ಚಾಗುವ ಸಾಧ್ಯತೆ ಇದೆ. ಹಿಂದಿನ ರಾತ್ರಿಯ ಮಾತ್ರೆ ಬಿಡಬೇಕೇ, ಪ್ರಮಾಣ ಇಳಿಸಬೇಕೇ ಎಂಬುದನ್ನು ಮೊದಲೇ ಬರೆಸಿಕೊಳ್ಳಿ.

4. ಮುಟ್ಟು, ಬಸಿರು, ಬಾಣಂತನ, ಮುಟ್ಟು ನಿಲ್ಲುವ ಕಾಲ

ಈಸ್ಟ್ರೊಜೆನ್ ಮೆದುಳಿನ ಹೊರಪದರವನ್ನು ಹೆಚ್ಚು ಚುರುಕಾಗಿಸುತ್ತದೆ. ಪ್ರೊಜೆಸ್ಟರಾನ್‌ನಿಂದ ಹುಟ್ಟುವ ಅಲೊಪ್ರೆಗ್ನನೊಲೋನ್ ಎಂಬ ವಸ್ತು, ಬೆಂಜೊಗಳು ಕೆಲಸ ಮಾಡುವ, ನರಕೋಶವನ್ನು ಸುಮ್ಮನಾಗಿಸುವ ಗಾಬಾ–ಎ ಗ್ರಾಹಕದ ಮೇಲೆಯೇ ಕೂತು, ಆ ಹೊರಪದರವನ್ನು ತಣ್ಣಗಾಗಿಸುತ್ತದೆ. ಋತುಚಕ್ರದ ಎರಡನೆಯ ಅರ್ಧದಲ್ಲಿ ಮೆದುಳಿನ ಕೆರಳುವಿಕೆಯನ್ನು ತಡೆಯುವ ಶಕ್ತಿ ಹೆಚ್ಚಾಗಿರುವುದನ್ನು ಟಿಎಂಎಸ್ ಬಳಸಿಯೇ ಅಳೆದು ನೋಡಿದ್ದಾರೆ. ಇದರಿಂದ ನೀವು ಮಾಡಬೇಕಾದ್ದು ಇಷ್ಟು: ಮುಟ್ಟಿನ ದಿನವೂ ಸೆಷನ್‌ಗೆ ಹೋಗಿ, ತಪ್ಪಿಸಲು ಕಾರಣವಿಲ್ಲ, ಆದರೆ ಚಕ್ರದ ಎಷ್ಟನೇ ದಿನ ಎಂಬುದನ್ನು ಬರೆದಿಡಿ. ಅದರ ಉಪಯೋಗ 8ನೇ ಹಂತದಲ್ಲಿ ಬರುತ್ತದೆ.

ಬಸುರಿಯರಿಗೆ: ಸುರುಳಿಯ ಕಾಂತಕ್ಷೇತ್ರ ದೂರ ಹೋದಂತೆ ಬಹುಬೇಗ ಕ್ಷೀಣಿಸುತ್ತದೆ, ಗರ್ಭಕೋಶದ ಹತ್ತಿರ ಅದು ಲೆಕ್ಕಕ್ಕಿಲ್ಲದಷ್ಟು. 2019ರಲ್ಲಿ ಪ್ರಕಟವಾದ, 22 ಗರ್ಭಿಣಿಯರ ಒಂದು ನಿಯಂತ್ರಿತ ಪ್ರಯೋಗದಲ್ಲಿ ಬಲಬದಿಗೆ 1 ಹರ್ಟ್ಸ್, ಅಂದರೆ ಸೆಕೆಂಡಿಗೆ ಒಂದು ಪೆಟ್ಟಿನ ನಿಧಾನಗತಿಯ ಟಿಎಂಎಸ್ ಕೊಟ್ಟಾಗ, ಹುಸಿ ಚಿಕಿತ್ಸೆ ಪಡೆದವರಿಗಿಂತ ಖಿನ್ನತೆ ಹೆಚ್ಚು ಇಳಿಯಿತು. ನಿಜವಾದ ಚಿಕಿತ್ಸೆ ಪಡೆದ ಗುಂಪಿನಲ್ಲಿ ಮೂವರಿಗೆ ದಿನ ತುಂಬುವ ಸ್ವಲ್ಪ ಮೊದಲೇ ಹೆರಿಗೆಯಾಯಿತು ಎಂಬುದನ್ನೂ ಹೇಳಲೇಬೇಕು. ಇಷ್ಟು ಸಣ್ಣ ಗುಂಪಿನಿಂದ ಕಾರಣ ತೀರ್ಮಾನಿಸಲಾಗದು, ಹಾಗಾಗಿ ಪ್ರಸೂತಿ ತಜ್ಞರು ಜೊತೆಗಿರಬೇಕು. 20 ವಾರ ದಾಟಿದವರು ಕುರ್ಚಿಯಲ್ಲಿ ಬೆನ್ನ ಮೇಲೆ ಪೂರ್ತಿ ಒರಗಬಾರದು. ಗರ್ಭಕೋಶದ ಭಾರ ದೊಡ್ಡ ರಕ್ತನಾಳವನ್ನು ಒತ್ತಿ ಬಿಪಿ ಇಳಿದು ತಲೆ ಸುತ್ತುತ್ತದೆ. ಬಲ ಸೊಂಟದ ಕೆಳಗೆ ದಿಂಬು ಇಟ್ಟು ಎಡಕ್ಕೆ ವಾಲಿಕೊಳ್ಳಿ. ಇಸಿಟಿಯಲ್ಲೂ ಇದೇ ಭಂಗಿ, ಜೊತೆಗೆ ಮಗುವಿನ ಹೃದಯಬಡಿತದ ನಿಗಾ. ತೀವ್ರ ಸ್ಥಿತಿಯಲ್ಲಿ ಗರ್ಭಿಣಿಯರಿಗೂ ಇಸಿಟಿ ಕೊಡುತ್ತಾರೆ.

ಬಾಣಂತಿಯರಿಗೆ: ಟಿಎಂಎಸ್‌ನಿಂದ ಎದೆಹಾಲಿಗೆ ಏನೂ ಸೇರುವುದಿಲ್ಲ, ಸೆಷನ್‌ಗೆ ಮೊದಲು ಮತ್ತು ನಂತರ ಧಾರಾಳವಾಗಿ ಕುಡಿಸಿ. ನಿಜವಾದ ತೊಡಕು ನಿದ್ದೆ. ರಾತ್ರಿ ನಾಲ್ಕು ಸಲ ಎದ್ದು, ಬೆಳಗ್ಗೆ ಎಂಟಕ್ಕೆ ಸೆಷನ್‌ಗೆ ಓಡಬೇಡಿ. ಮಧ್ಯಾಹ್ನದ ಸಮಯ ಕೇಳಿ ಪಡೆಯಿರಿ. ರಾತ್ರಿಯ ಒಂದು ಸಲದ ಹಾಲನ್ನು ಹಿಂಡಿಟ್ಟು ಬೇರೆಯವರು ಕುಡಿಸುವಂತೆ ಮಾಡಿ, ಒಟ್ಟಿಗೆ ನಾಲ್ಕೈದು ಗಂಟೆ ಮಲಗಲು ಸಿಗಬೇಕು. ಇದನ್ನು ಚಿಕಿತ್ಸೆಯ ಭಾಗವೆಂದೇ ಮನೆಯವರಿಗೆ ಹೇಳಿ. ಹೆರಿಗೆಯ ನಂತರದ ಖಿನ್ನತೆಗೆ 2023ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಜುರನೊಲೋನ್ ಎಂಬ 14 ದಿನದ ಮಾತ್ರೆಯೂ ಗಾಬಾ–ಎ ಮೇಲೆಯೇ ಕೆಲಸ ಮಾಡುತ್ತದೆ, ಮಂಪರು ತರುತ್ತದೆ. ಅದನ್ನೂ ಟಿಎಂಎಸ್ಅನ್ನೂ ಒಂದೇ ವಾರದಲ್ಲಿ ಶುರು ಮಾಡದೆ, ಯಾವುದು ಮೊದಲು ಎಂದು ವೈದ್ಯರೊಡನೆ ತೀರ್ಮಾನಿಸಿ.

ಮುಟ್ಟು ನಿಲ್ಲುವ ಕಾಲದವರು ರಾತ್ರಿಯ ಬೆವರು, ಮೈ ಬಿಸಿಯೇರಿ ನಿದ್ದೆ ಒಡೆಯುವುದನ್ನು ಮೊದಲು ಹಿಡಿತಕ್ಕೆ ತಂದುಕೊಳ್ಳಿ. ನಿದ್ದೆ ಸರಿಯಾಗದೆ ಬೇರೆ ಯಾವ ಚಿಕಿತ್ಸೆಯ ಫಲವೂ ಸರಿಯಾಗಿ ಕಾಣುವುದಿಲ್ಲ.

5. ಮೊದಲ ದಿನ: ಹೆಬ್ಬೆರಳು ಎಗರುವ ಲೆಕ್ಕ

ಕೂದಲಿನ ಪಿನ್ನು, ಕ್ಲಿಪ್ಪು, ಓಲೆ, ಮೂಗುತಿ, ಸರ, ಕನ್ನಡಕ, ಶ್ರವಣಯಂತ್ರ ತೆಗೆದಿಡಿ. ದಪ್ಪ ಜಡೆ, ತುರುಬು, ಚೌರಿ ಬೇಡ. ಸುರುಳಿ ಮತ್ತು ತಲೆಬುರುಡೆಯ ನಡುವೆ ಒಂದು ಸೆಂಟಿಮೀಟರ್ ಕೂದಲು ಉಳಿದರೂ ಶಕ್ತಿ ಗಣನೀಯವಾಗಿ ಕಡಿಮೆಯಾಗುತ್ತದೆ. ಕೂದಲನ್ನು ಬೆನ್ನ ಕಡೆ ಕೆಳಗೆ, ಸಡಿಲವಾಗಿ ಕಟ್ಟಿಕೊಳ್ಳಿ. ಅದೇ ರೀತಿ ಪ್ರತಿದಿನ. ಕಿವಿಗೆ ಇಯರ್‌ಪ್ಲಗ್ ಹಾಕದೆ ಯಂತ್ರ ಶುರು ಮಾಡಲು ಬಿಡಬೇಡಿ, ಸುರುಳಿಯ ಟಕ್ ಟಕ್ ಸದ್ದು ಕಿವಿಗೆ ಹಾನಿ ಮಾಡುವಷ್ಟು ಜೋರು.

ಆಮೇಲೆ 'ಮೋಟಾರ್ ಥ್ರೆಷೋಲ್ಡ್' ಹುಡುಕುತ್ತಾರೆ. ಎಡ ಮೆದುಳಿನಲ್ಲಿ ಬಲಗೈಯನ್ನು ಆಡಿಸುವ ಜಾಗದ ಮೇಲೆ ಸುರುಳಿ ಇಟ್ಟು ಒಂದೊಂದೇ ಪೆಟ್ಟು ಕೊಡುತ್ತಾರೆ. ಬಲಗೈ ತೊಡೆಯ ಮೇಲೆ ಸಡಿಲವಾಗಿರಲಿ, ಅಂಗೈ ಮೇಲ್ಮುಖವಾಗಿ. ಟಕ್ ಎಂದಾಗ ನೀವು ಬಯಸದೆಯೇ ಹೆಬ್ಬೆರಳು ಸಣ್ಣಗೆ ಎಗರುತ್ತದೆ. ಶಕ್ತಿ ಇಳಿಸುತ್ತಾ ಹೋಗಿ, 10 ಪೆಟ್ಟಿಗೆ 5 ಸಲ ಮಾತ್ರ ಎಗರುವ ಮಟ್ಟವನ್ನು ಗುರುತು ಹಾಕಿಕೊಳ್ಳುತ್ತಾರೆ. ಅದೇ ನಿಮ್ಮ ಮಿತಿ. ಸಾಮಾನ್ಯ ಚಿಕಿತ್ಸೆ ಅದರ 120%ರಲ್ಲಿ, ಹಣೆಯ ಎಡ ಮೇಲ್ಭಾಗದ ಹಿಂದಿರುವ ಡಿಎಲ್‌ಪಿಎಫ್‌ಸಿ ಎಂಬ ಜಾಗಕ್ಕೆ ನಡೆಯುತ್ತದೆ.

ಮಿತಿ ಕಲ್ಲಿನಲ್ಲಿ ಕೆತ್ತಿದ್ದಲ್ಲ. ಮಾತ್ರೆ ಬದಲಾದರೆ, ಹಲವು ರಾತ್ರಿ ನಿದ್ದೆ ಕೆಟ್ಟರೆ ಅದೂ ಬದಲಾಗುತ್ತದೆ. ಅಂಥ ದಿನ "ಇವತ್ತು ಮಿತಿ ಮತ್ತೆ ನೋಡಿ" ಎಂದು ನೀವೇ ಹೇಳಿ. ಹಳೆಯ ಅಂಕಿಯಲ್ಲೇ ನಡೆಸಿದರೆ ಶಕ್ತಿ ಸಾಲದೆ ವ್ಯರ್ಥವಾಗಬಹುದು, ಅಥವಾ ಅತಿಯಾಗಿ ಅಪಾಯವಾಗಬಹುದು.

6. ವಾರಗಳ ಓಟ

ವಾರಕ್ಕೆ 5 ದಿನ, 6 ವಾರ, ಒಟ್ಟು 30 ಸೆಷನ್. ನಂತರ 3 ವಾರಗಳಲ್ಲಿ 6 ಸೆಷನ್ ಹಂಚಿ ನಿಧಾನವಾಗಿ ನಿಲ್ಲಿಸುವುದು. ಇದು ಹಳೆಯ, ಚೆನ್ನಾಗಿ ಪಳಗಿದ ಕ್ರಮ. ಸೆಕೆಂಡಿಗೆ 10 ಪೆಟ್ಟಿನಂತೆ 4 ಸೆಕೆಂಡು, 26 ಸೆಕೆಂಡು ಬಿಡುವು, ಹೀಗೆ 3,000 ಪೆಟ್ಟು ಮುಗಿಯಲು 37 ನಿಮಿಷ ಚಿಲ್ಲರೆ. ಐಟಿಬಿಎಸ್ ಎಂಬ ಹೊಸ ಲಯದಲ್ಲಿ 600 ಪೆಟ್ಟು 3 ನಿಮಿಷದಲ್ಲೇ ಮುಗಿಯುತ್ತದೆ. 414 ಜನರ ಮೇಲೆ ಎರಡನ್ನೂ ಹೋಲಿಸಿದ ಕೆನಡಾದ ಪ್ರಯೋಗ 2018ರಲ್ಲಿ ಪ್ರಕಟವಾಯಿತು, ಫಲದಲ್ಲಿ ಐಟಿಬಿಎಸ್ ಹಿಂದೆ ಬೀಳಲಿಲ್ಲ. ಮನೆ, ಮಗು, ಕೆಲಸ ಎಲ್ಲ ನೋಡಿಕೊಳ್ಳಬೇಕಾದವರು 3 ನಿಮಿಷದ್ದನ್ನೇ ಕೇಳುವುದು ಲೇಸು ಎಂಬುದು ನಮ್ಮ ಅಭಿಪ್ರಾಯ. ದಿನಕ್ಕೆ 10 ಸೆಷನ್‌ನಂತೆ 5 ದಿನಕ್ಕೇ ಮುಗಿಸುವ ಸೇಂಟ್ ಎಂಬ ಕ್ರಮಕ್ಕೂ ಅಮೆರಿಕದಲ್ಲಿ 2022ರಲ್ಲಿ ಅನುಮತಿ ಸಿಕ್ಕಿದೆ.

ಮೊದಲ ವಾರ ತಲೆಚರ್ಮ ಚುಚ್ಚಿದಂತೆ, ಹುಬ್ಬು ಜಗ್ಗಿದಂತೆ ನೋವಾಗುತ್ತದೆ. ಹಲ್ಲು ಕಚ್ಚಿ ಸಹಿಸಬೇಕಿಲ್ಲ. ಸೆಷನ್‌ಗೆ ಅರ್ಧ ಗಂಟೆ ಮೊದಲು ಪ್ಯಾರಾಸಿಟಮಾಲ್ ತೆಗೆದುಕೊಳ್ಳಬಹುದೇ ಎಂದು ಕೇಳಿ. ಮೊದಲ ದಿನಗಳಲ್ಲಿ ಕಡಿಮೆ ಶಕ್ತಿಯಿಂದ ಶುರು ಮಾಡಿ 120%ಕ್ಕೆ ಏರಿಸಲು, ಸುರುಳಿಯ ಕೋನ ತುಸು ತಿರುಗಿಸಲು ಹೇಳಿ. ಬಹುತೇಕರಿಗೆ ಎರಡನೇ ವಾರಕ್ಕೆ ನೋವು ತಗ್ಗುತ್ತದೆ. ಖಾಲಿ ಹೊಟ್ಟೆಯಲ್ಲಿ ಹೋಗಬೇಡಿ. ತಲೆ ಸುತ್ತಿ ಬೀಳುವುದು ಫಿಟ್ಸ್‌ಗಿಂತ ಹೆಚ್ಚು ಸಾಮಾನ್ಯ, ಅದಕ್ಕೆ ಹಸಿವು ಮತ್ತು ಭಯ ಸಾಕು.

ಸೆಷನ್ ನಡೆಯುವಾಗ ಕುರ್ಚಿಯಲ್ಲಿ ನಿದ್ದೆ ಹೋಗಬೇಡಿ. ತಲೆ ವಾಲಿದರೆ ಸುರುಳಿ ಜಾಗ ತಪ್ಪುತ್ತದೆ.

ಒಂದು ದಿನ ತಪ್ಪಿದರೆ ಕೊನೆಗೆ ಸೇರಿಸಿಕೊಳ್ಳಬಹುದು. ಒಂದಿಡೀ ವಾರ ತಪ್ಪುವ ಪ್ರಯಾಣ, ಸಮಾರಂಭ ಇದ್ದರೆ ಚಿಕಿತ್ಸೆಯನ್ನೇ ಅದರ ನಂತರ ಶುರು ಮಾಡಿ.

7. ಮಾತಿನ ಚಿಕಿತ್ಸೆಯನ್ನು ಯಾವಾಗ ಜೋಡಿಸಬೇಕು?

ಸೆಷನ್‌ಗಳು ನಡೆಯುತ್ತಿರುವಾಗಲೇ. ನೆದರ್‌ಲೆಂಡ್ಸ್‌ನಲ್ಲಿ 196 ಜನರಿಗೆ ಟಿಎಂಎಸ್ ಮತ್ತು ಸಿಬಿಟಿಯನ್ನು ಒಟ್ಟಿಗೆ ಕೊಟ್ಟ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಸಿಬಿಟಿ ಎಂದರೆ ಯೋಚನೆ ಮತ್ತು ನಡವಳಿಕೆಯ ಜಾಡನ್ನು ಹಿಡಿದು ಬದಲಿಸುವ ಚಿಕಿತ್ಸೆ. ಅವರಲ್ಲಿ 66% ಜನರ ಲಕ್ಷಣಗಳು ಅರ್ಧಕ್ಕಿಂತ ಹೆಚ್ಚು ಇಳಿದವು, 56% ಜನರಲ್ಲಿ ಖಿನ್ನತೆ ಹೆಚ್ಚುಕಡಿಮೆ ಪೂರ್ತಿ ಹೋಯಿತು. ಹೋಲಿಕೆಗೆ ಬೇರೆ ಗುಂಪು ಇರಲಿಲ್ಲ, ಹಾಗಾಗಿ ಇದು ಕೊನೆಯ ಮಾತಲ್ಲ. ಆದರೆ ಜೊತೆಯಾಗಿ ಮಾಡಲು ಸಾಧ್ಯ ಎಂಬುದಂತೂ ಖಚಿತ.

ಮೊದಲ ಎರಡು ವಾರ ದೊಡ್ಡ ಗಾಯಗಳನ್ನು ಕೆದಕುವ ಮಾತು ಬೇಡ. ಆಗ ಮಾಡಬೇಕಾದ್ದು ಚಟುವಟಿಕೆಯ ಪಟ್ಟಿ: ಮನಸ್ಸು ಬಂದಾಗ ಮಾಡುತ್ತೇನೆ ಎಂದು ಕಾಯದೆ, ಗಡಿಯಾರ ನೋಡಿ ಮಾಡುವ ಸಣ್ಣ ಕೆಲಸಗಳು. ಸೆಷನ್ ಮುಗಿದ ಕೂಡಲೇ 15 ನಿಮಿಷ ನಡಿಗೆ, ಒಬ್ಬರಿಗೆ ಫೋನ್, ಒಂದು ಕಪಾಟು ಜೋಡಿಸುವುದು. ಮೂರನೇ ವಾರದಿಂದ, ಶಕ್ತಿ ಸ್ವಲ್ಪ ಮರಳಿದಾಗ, ಯೋಚನೆಗಳ ಜೊತೆ ಕೆಲಸ. ಆ ಹೊತ್ತಿಗೆ ಆಡಿದ ಮಾತು ತಲೆಯಲ್ಲಿ ನಿಲ್ಲುತ್ತದೆ.

ಒಂದು ಸೂಕ್ಷ್ಮ ಅಪಾಯ ಇಲ್ಲಿದೆ. ದೇಹಕ್ಕೆ ಚೈತನ್ಯ ಮೊದಲು ಬಂದು, ಮನಸ್ಸಿನ ಹತಾಶೆ ಹೋಗಲು ತಡವಾಗುವ ಕೆಲವು ದಿನಗಳು ಇರುತ್ತವೆ. ಸಾಯುವ ಯೋಚನೆ ಇದ್ದವರ ಮೇಲೆ ಆ ದಿನಗಳಲ್ಲಿ ಹೆಚ್ಚು ಕಣ್ಣಿಡಬೇಕು. ಮನೆಯವರು ಇದನ್ನು ಓದಲಿ.

ಟಿಡಿಸಿಎಸ್ ಜೋಡಣೆಯ ಬಗ್ಗೆ ಆಸೆಯನ್ನು ಅಳತೆಯಲ್ಲಿಡಿ. 2013ರಲ್ಲಿ ಪ್ರಕಟವಾದ, 120 ಜನರ ಬ್ರೆಜಿಲ್‌ನ ಪ್ರಯೋಗದಲ್ಲಿ 50 ಮಿಲಿಗ್ರಾಂ ಸರ್ಟ್ರಾಲಿನ್ ಜೊತೆ ಟಿಡಿಸಿಎಸ್ ಸೇರಿಸಿದಾಗ ಒಂದೊಂದಕ್ಕಿಂತ ಎರಡೂ ಸೇರಿದ್ದೇ ಮೇಲಾಯಿತು. ಆದರೆ 2023ರ ಜರ್ಮನಿಯ ಪ್ರಯೋಗದಲ್ಲಿ ಮಾತ್ರೆಗೆ ಟಿಡಿಸಿಎಸ್ ಸೇರಿಸಿದ್ದು ಹುಸಿ ಚಿಕಿತ್ಸೆಗಿಂತ ಮೇಲೆನಿಸಲಿಲ್ಲ, ಗುಂಪು ಸಿಬಿಟಿಗೆ ಸೇರಿಸಿದ ಇನ್ನೊಂದು ಪ್ರಯೋಗದಲ್ಲೂ ಹಾಗೇ ಆಯಿತು. ಮನೆಯಲ್ಲಿ ಬಳಸುವ ಯಂತ್ರ ವೈದ್ಯರೇ ಕೊಟ್ಟಿದ್ದರೆ, ಸ್ಪಾಂಜ್ ಒಣಗದಂತೆ ನೋಡಿಕೊಳ್ಳಿ, ಒಣ ಸ್ಪಾಂಜ್ ಚರ್ಮ ಸುಡುತ್ತದೆ. ಎಣ್ಣೆ ಹಚ್ಚಿದ ಕೂದಲಿನ ಮೇಲೆ ಇಡಬೇಡಿ. ಹೆಚ್ಚು ಹೊತ್ತು ಇಟ್ಟರೆ ಹೆಚ್ಚು ಫಲ ಎಂಬ ಲೆಕ್ಕ ಇಲ್ಲಿ ಸುಳ್ಳು.

8. ಅಳತೆ: ನೋಟ್‌ಬುಕ್ಕಿನ ಒಂದು ಸಾಲು

ಪಿಎಚ್‌ಕ್ಯು–9 ಎಂಬ ಒಂಬತ್ತು ಪ್ರಶ್ನೆಗಳ ಪಟ್ಟಿಗೆ 0ಯಿಂದ 27ರವರೆಗೆ ಅಂಕ. ಅರ್ಧಕ್ಕೆ ಇಳಿದರೆ ಚಿಕಿತ್ಸೆ ಹಿಡಿದಿದೆ, 5ಕ್ಕಿಂತ ಕೆಳಗೆ ಬಂದರೆ ಖಿನ್ನತೆ ಬಿಟ್ಟಿದೆ ಎನ್ನುತ್ತಾರೆ. ಗರ್ಭಿಣಿಯರಿಗೆ, ಬಾಣಂತಿಯರಿಗೆ 30 ಅಂಕದ ಎಡಿನ್‌ಬರೋ ಪಟ್ಟಿ ಹೆಚ್ಚು ಹೊಂದುತ್ತದೆ. ಯಾವುದೇ ಆಗಲಿ, ವಾರಕ್ಕೊಮ್ಮೆ, ವಾರದ ಅದೇ ದಿನ ತುಂಬಿ. ಜೊತೆಗೆ ದಿನಕ್ಕೊಂದು ಸಾಲು, ಹೀಗೆ:

"ಮಂಗಳವಾರ. 12ನೇ ಸೆಷನ್. ಚಕ್ರದ 20ನೇ ದಿನ. ನಿದ್ದೆ 5 ಗಂಟೆ. ಲೊರಾಜೆಪಾಂ ಇಲ್ಲ. ತಲೆನೋವು 10ಕ್ಕೆ 3. 15 ನಿಮಿಷ ನಡೆದೆ."

ಈಗ ಚಕ್ರದ ದಿನದ ಉಪಯೋಗ ನೋಡಿ. ಮುಟ್ಟು ಮುಗಿದ ಕೂಡಲೇ, 5ನೇ ದಿನ, ಚಿಕಿತ್ಸೆ ಶುರುವಾಯಿತು ಎನ್ನಿ. 28 ದಿನದ ಚಕ್ರವಾದರೆ ಮುಟ್ಟಿಗೆ ಮುಂಚಿನ ವಾರ ಬಂದು ಬೀಳುವುದು ಸುಮಾರು 13ರಿಂದ 17ನೇ ಸೆಷನ್ ನಡುವೆ. ಮುಟ್ಟಿಗೆ ಮೊದಲು ಮನಸ್ಸು ಕುಸಿಯುವವರಿಗೆ ಅಂಕ ಆಗಲೇ ಏರುತ್ತದೆ. "ಅರ್ಧ ಮುಗಿಯಿತು, ಇನ್ನೂ ಹದಗೆಟ್ಟಿತು" ಎಂದು ಬಿಟ್ಟುಹೋಗುವುದು ಈ ವಾರದಲ್ಲೇ. ತಿರುಗಾಮುರುಗಾವೂ ಉಂಟು: ಮುಟ್ಟಿಗೆ ಮುಂಚಿನ ವಾರದಲ್ಲಿ ಶುರು ಮಾಡಿದವರಿಗೆ ಹತ್ತು ದಿನದಲ್ಲಿ ಅಂಕ ತಾನಾಗಿ ಇಳಿದು, ಚಿಕಿತ್ಸೆಯೇ ಹಿಡಿಯಿತು ಎನಿಸುತ್ತದೆ. ಮೊದಲ ದಿನದ ಅಂಕವನ್ನು ಸರಿಯಾಗಿ ಒಂದು ಚಕ್ರದ ನಂತರದ ಅಂಕದ ಜೊತೆ ಹೋಲಿಸಿ. ಆ ಹೋಲಿಕೆಯನ್ನೇ ನಂಬಬೇಕು. 20 ಸೆಷನ್ ಆಗುವ ತನಕ ಸೋತಿತು ಎಂಬ ತೀರ್ಮಾನ ಬೇಡ, ತಡವಾಗಿ ಹಿಡಿಯುವವರು ಇದ್ದೇ ಇದ್ದಾರೆ.

ನಿದ್ದೆ ಏಕಾಏಕಿ ಬೇಡವಾಗಿ, ಮಾತು ಓಡತೊಡಗಿದರೆ ಅದನ್ನು ಚೇತರಿಕೆ ಎಂದುಕೊಳ್ಳಬೇಡಿ. ಮುಂದಿನ ಸೆಷನ್‌ಗೆ ಮೊದಲೇ ವೈದ್ಯರಿಗೆ ಹೇಳಿ.

9. ಮುಗಿದ ಮೇಲೆ

ಚೆನ್ನಾಗಿದ್ದೇನೆ ಎಂದು ಮಾತ್ರೆ ಬಿಡುವ ಹೊತ್ತು ಇದಲ್ಲ. ಖಿನ್ನತೆ ಬಿಟ್ಟ ನಂತರ ಕನಿಷ್ಠ 6 ತಿಂಗಳು, ಹಿಂದೆಯೂ ಬಂದುಹೋಗಿದ್ದರೆ ಇನ್ನೂ ಹೆಚ್ಚು ಕಾಲ ಮುಂದುವರಿಸಬೇಕು. ಏಕೆ ಎಂಬುದಕ್ಕೆ ಇಸಿಟಿಯ ಒಂದು ಪ್ರಯೋಗ ಸಾಕು. 2001ರಲ್ಲಿ ಪ್ರಕಟವಾದ ಅದರಲ್ಲಿ, ಇಸಿಟಿಯಿಂದ ಗುಣವಾದವರಿಗೆ 6 ತಿಂಗಳು ಬೇರೆ ಬೇರೆ ಮಾತ್ರೆ ಕೊಟ್ಟು ನೋಡಿದರು. ಔಷಧವಿಲ್ಲದ ಹುಸಿ ಗುಳಿಗೆ ಪಡೆದವರಲ್ಲಿ 84% ಜನರಿಗೆ ಖಿನ್ನತೆ ಮರಳಿತು. ನಾರ್‌ಟ್ರಿಪ್ಟಿಲಿನ್ ಎಂಬ ಖಿನ್ನತೆಯ ಮಾತ್ರೆ ಪಡೆದವರಲ್ಲಿ 60%. ನಾರ್‌ಟ್ರಿಪ್ಟಿಲಿನ್ ಜೊತೆ ಲಿಥಿಯಂ ಪಡೆದವರಲ್ಲಿ 39%. ಪ್ರಚೋದನೆ ಮೇಲೆತ್ತುತ್ತದೆ, ಮೇಲೆ ನಿಲ್ಲಿಸುವುದು ಬೇರೆ ಕೆಲಸ.

ಮಗು ಬೇಕೆನ್ನುವ ಯೋಚನೆ ಇದ್ದರೆ ಗರ್ಭ ನಿಂತ ಮೇಲೆ ಗಾಬರಿಯಲ್ಲಿ ಮಾತ್ರೆ ಬಿಡುವ ಬದಲು, ಈಗಲೇ ಯಾವ ಮಾತ್ರೆ ಉಳಿಸಿಕೊಳ್ಳಬಹುದು ಎಂದು ಕೇಳಿಟ್ಟುಕೊಳ್ಳಿ. ಮಾತಿನ ಚಿಕಿತ್ಸೆಯನ್ನು ಕೊನೆಯ ಸೆಷನ್‌ನ ದಿನವೇ ಮುಗಿಸದೆ, ಇನ್ನೂ ಎರಡು ಮೂರು ತಿಂಗಳು ಹದಿನೈದು ದಿನಕ್ಕೊಮ್ಮೆಯಾದರೂ ನಡೆಯಲಿ.

ಹೊರಡುವ ಮೊದಲು ಕೇಂದ್ರದಿಂದ ಒಂದು ಹಾಳೆ ಬರೆಸಿಕೊಳ್ಳಿ: ಸುರುಳಿ ಇಟ್ಟ ಜಾಗ ಮತ್ತು ಅದನ್ನು ಹುಡುಕಿದ ವಿಧಾನ, ಮೋಟಾರ್ ಥ್ರೆಷೋಲ್ಡ್ ಅಂಕಿ, ಯಾವ ಯಂತ್ರ, ಯಾವ ಲಯ, ಎಷ್ಟು ಪೆಟ್ಟು, ಎಷ್ಟು ಸೆಷನ್, ಆಗ ನಡೆಯುತ್ತಿದ್ದ ಮಾತ್ರೆಗಳ ಪ್ರಮಾಣ, ಮೊದಲ ಮತ್ತು ಕೊನೆಯ ಅಂಕ. ಒಮ್ಮೆ ಹಿಡಿದವರಿಗೆ ಎರಡನೇ ಸಲವೂ ಹಿಡಿಯುವ ಸಾಧ್ಯತೆ ಚೆನ್ನಾಗಿದೆ. ಅಂಕ ಎರಡು ವಾರ ಸತತವಾಗಿ ಏರಿದರೆ, ಅದು ಮುಟ್ಟಿನ ಮುಂಚಿನ ವಾರವಲ್ಲ ಎಂದು ನೋಟ್‌ಬುಕ್ಕಿನಲ್ಲಿ ನೋಡಿಕೊಂಡು, ಈ ಹಾಳೆ ಹಿಡಿದು ಹೋಗಿ. ಬೇರೆ ಊರಿನ ಬೇರೆ ವೈದ್ಯರಾದರೂ ಮೊದಲಿನಿಂದ ತಡಕಾಡದೆ ಅಲ್ಲಿಂದಲೇ ಮುಂದುವರಿಸುತ್ತಾರೆ.